ಸುಟ್ಟುಹೋದ ಡಿಟೆಕ್ಟರ್

ಆಕಾಶದಿಂದ ಬೀಳುವ ಕಣಗಳನ್ನು ಹಿಡಿಯಲು ಮೂರು ವರ್ಷ ಕೂತು ಕಟ್ಟಿದ ಡಿಟೆಕ್ಟರ್ ಒಂದೇ ಗಳಿಗೆಯಲ್ಲಿ ಸುಟ್ಟುಹೋಯಿತು. ಬೇಗ ಫಲಿತಾಂಶ ಬರಲೆಂದು ವೋಲ್ಟೇಜ್ ಏರಿಸಿದವಳು ಪಿಎಚ್.ಡಿ. ವಿದ್ಯಾರ್ಥಿನಿ ಸುನೇತ್ರಾ. ತಪ್ಪನ್ನು ಟೆಕ್ನಿಷಿಯನ್ ಮುನಿಯಪ್ಪನ ತಲೆಗೆ ಕಟ್ಟಿದರು. ಅವನ ಕೆಲಸ ಹೋಯಿತು. ಸುನೇತ್ರಾ ಬಾಯಿ ಬಿಡಲಿಲ್ಲ.

ಅವನು ಹೊರಡುವ ದಿನ ನಾಚಿಕೆ ತಾಳಲಾರದೆ ವರ್ಕ್‌ಶಾಪಿಗೆ ಹೋದಳು. ತಲೆ ಎತ್ತಲಾಗಲಿಲ್ಲ.

"ಅಣ್ಣಾ, ಅವತ್ತು ವೋಲ್ಟೇಜ್ ಏರಿಸಿದ್ದು ನಾನು."

"ಗೊತ್ತಮ್ಮ. ಲಾಗ್‌ಬುಕ್ಕಲ್ಲಿ ನಿಮ್ದೇ ಸೈನ್ ಇತ್ತಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನೀಗ್ಲೇ ಹೋಗಿ ನಮ್ಮ ಗೈಡ್‌ಗೆ ಎಲ್ಲಾ ಹೇಳ್ತೀನಿ."

ಮುನಿಯಪ್ಪ ತನ್ನ ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತುತ್ತ ಮೆಲ್ಲಗೆ ಅಂದ:

"ಅವತ್ತೇ ಅವ್ರಿಗೆ ತೋರಿಸ್ದೆ ಕಣಮ್ಮ. ನನ್ ಕಣ್ಣೆದುರೇ ಆ ಹಾಳೆ ಹರ್ದು ಹಾಕಿದ್ರು."