ಐದನೇ ಲೋಟ

ಸೊರ್ ಎಂದು ಕೋಣೆಗೆಲ್ಲ ಕೇಳುವಂತೆ ಅಪ್ಪ ಐದನೇ ಲೋಟದಿಂದ ಒಂದು ಚಮಚ ಹೀರಿದರು. ಕಾಫಿಯ ರುಚಿ ನೋಡುವಾಗ ಅವರು ಕಣ್ಣು ತೆರೆಯುವುದಿಲ್ಲ. ನಾಲಗೆಯೊಂದೇ ಸಾಕು ಎಂಬ ಜಂಬ. ಇಥಿಯೋಪಿಯಾದ ಮಲ್ಲಿಗೆ ಘಮ, ಕೀನ್ಯಾದ ಹಣ್ಣಿನ ಹುಳಿ, ಬ್ರೆಜಿಲ್‌ನ ಹುರಿದ ಕಡಲೆಬೀಜ, ಸುಮಾತ್ರಾದ ಒದ್ದೆ ಮಣ್ಣು, ನಾಲ್ಕನ್ನೂ ನೀರು ಕುಡಿದಷ್ಟು ಸಲೀಸಾಗಿ ಹೇಳಿ ಮುಗಿಸಿದ್ದರು.

"ಇದನ್ನ ಎಲ್ಲಿಂದ ತರಿಸಿದ್ಯಮ್ಮ? ಮಲ್ಲಿಗೆ ಇದೆ, ಹುಳಿ ಇದೆ, ಕಡಲೆಬೀಜಾನೂ ಇದೆ. ಕೊನೇಲಿ ಮಣ್ಣಿನ ವಾಸನೆ. ಎಷ್ಟು ಹಗುರ ನೋಡು. ಇಂಥ ತೋಟ ಎಲ್ಲಿದೆ ಅಂತಾನೇ ನಂಗೆ ಗೊತ್ತಿಲ್ಲ."

ಮಗಳು ತುಟಿ ಕಚ್ಚಿಕೊಂಡು ಅವರ ಕೈಯಲ್ಲಿದ್ದ ಬೆಳ್ಳಿ ಚಮಚವನ್ನೇ ನೋಡಿದಳು. ಅವಳು ಈ ರುಚಿ ನೋಡುವ ಕೆಲಸ ಕಲಿಯಲು ಬಂದ ದಿನವೇ ಅಪ್ಪ ಹೇಳಿದ್ದರು: "ನಾನು ಮೋಸಹೋಗಿದ್ದನ್ನ ನೀನು ಯಾವತ್ತು ಹಿಡೀತೀಯೋ, ಅವತ್ತಿಂದ ಈ ಚಮಚ ನಿಂದು." ಅದಕ್ಕೆ ಆರು ವರ್ಷವಾಗಿತ್ತು.

"ಅಪ್ಪ, ನಾನು ಇಟ್ಟಿದ್ದು ನಾಲ್ಕೇ ಲೋಟ ಕಾಫಿ," ಎಂದಳು ಮೆಲ್ಲಗೆ. "ಇದು ನೀವು ಒಂದೊಂದು ಸಲಾನೂ ಚಮಚ ಅದ್ದಿ ತೊಳೀತಿದ್ದ ನೀರು."

ಅಪ್ಪ ಕಣ್ಣು ಬಿಟ್ಟರು. ಲೋಟದೊಳಗಿನ ಕಂದು ನೀರನ್ನು ಬಗ್ಗಿ ನೋಡಿದರು. "ಅಂದ್ರೆ ನಾಲ್ಕನ್ನೂ ಸರಿಯಾಗೇ ಹೇಳಿದೀನಲ್ಲ. ನನ್ನ ನಾಲಗೆ ಸುಳ್ಳು ಹೇಳಿಲ್ಲ," ಎಂದು ಬಿಗುವಾಗಿ ಹೇಳಿದರು. ಆದರೆ ಕೈ ಆಗಲೇ ಚಮಚವನ್ನು ಅಂಗಿಯ ಅಂಚಿಗೆ ಒರೆಸಿ, ಅವಳ ಅಂಗೈಯಲ್ಲಿ ಇಟ್ಟಾಗಿತ್ತು.

ಮಗಳು ಆ ಚಮಚವನ್ನು ಐದನೇ ಲೋಟಕ್ಕೇ ಅದ್ದಿ, ಅಪ್ಪನಿಗಿಂತ ಜೋರಾಗಿ ಸೊರ್ ಎಂದಳು.

"ನಿಜ ಅಪ್ಪ," ಎಂದಳು ಕಣ್ಣು ಮುಚ್ಚಿಕೊಂಡೇ. "ಒಳ್ಳೇ ತೋಟ."