ಗ್ಯಾಲರಿಯ ಹಾಜರಿ

ಎದುರಾಳಿ ತಂಡದ ಆಟಗಾರನೊಬ್ಬ ಕುಂಟುತ್ತ ಮೈದಾನ ಬಿಟ್ಟ ಕೂಡಲೇ ಗ್ಯಾಲರಿಗೆ ಘೋಷಣೆ ಹೇಳಿಕೊಡುವ ವಿದ್ಯಾರ್ಥಿ ಟ್ರೆವಿನ್, ವೇಷಕ್ಕೆಂದು ಹಾಕಿಕೊಂಡಿದ್ದ ಸೈನಿಕರ ಉಕ್ಕಿನ ಟೋಪಿ ಸರಿಮಾಡಿಕೊಂಡು ಮೈಕಿನಲ್ಲಿ ಅವನ ಹೆಸರು ಕೂಗಿದ. "ಸತ್ತ" ಎಂದು ವಿದ್ಯಾರ್ಥಿಗಳ ಗ್ಯಾಲರಿ ಗುಡುಗಿತು. ಬೇರೊಂದು ಕಾಲೇಜಿನವರು ಯುದ್ಧದಲ್ಲಿ ಮಡಿದವರಿಗಾಗಿ ಕೂಗುವ ಹಾಜರಿಯನ್ನು ಇವರು ಈ ವರ್ಷ ತಮಾಷೆಗೆಂದು ಎತ್ತಿಕೊಂಡು ಬಂದಿದ್ದರು.

ಕಡಲೆಕಾಯಿ ಮಾರುವ ಲೋರ್ನಾ ಆಗಷ್ಟೇ ಮೆಟ್ಟಿಲೇರಿ ಬಂದಳು. "ಹಾಜರಿ ಕೂಗ್ತಿದೀಯಲ್ಲಪ್ಪಾ, ನಂದೂ ಒಂದು ಹೆಸರು ಕೂಗ್ತೀಯಾ? ಕಾಲಿನ್ ಮೆರಿಡಿತ್."

"ಅದಕ್ಕೇನಂತೆ ಆಂಟಿ," ಎಂದವನೇ ಟ್ರೆವಿನ್ ಕೂಗಿಬಿಟ್ಟ. ತಿರುಗಿ ನೋಡಿದರೆ ಅವಳು ತಟ್ಟೆಯನ್ನು ಕೆಳಗಿಟ್ಟು, ಅಂಗೈಯನ್ನು ಎದೆಗೊತ್ತಿಕೊಂಡು ನೆಟ್ಟಗೆ ನಿಂತಿದ್ದಳು. ಗ್ಯಾಲರಿಯನ್ನು ತಡೆಯಲು ಅವನು ಕೈಯೆತ್ತುವಷ್ಟರಲ್ಲಿ ಅದು ನಗುತ್ತ ಗುಡುಗಿತು: "ಸತ್ತ."

ಅವಳ ಕೈ ಮೆಲ್ಲಗೆ ಕೆಳಗಿಳಿಯಿತು. "ಕೆಳಗಡೆ ಮೈಕಲ್ಲಿ ನಿನ್ನ ಕೂಗೊಂದೇ ಸರಿಯಾಗಿ ಕೇಳಿಸ್ತಿತ್ತು ಕಣಪ್ಪಾ, ಇವರೆಲ್ಲ ಏನಂತಾರೋ ತಿಳೀತಿರಲಿಲ್ಲ. ಆ ಕಾಲೇಜಲ್ಲಿ ಸತ್ತವರ ಹೆಸರು ಕೂಗಿದ್ರೆ 'ಇದ್ದಾನೆ' ಅಂತಾರಂತೆ, ನೀವೂ ಹಾಗೇ ಅಂತೀರೇನೋ ಅಂದ್ಕೊಂಡೆ. ನನ್ನ ಮಗ. ಇಲ್ಲೇ ಓದ್ತಿದ್ದ, ಸೈನ್ಯಕ್ಕೆ ಹೋದ." ತಟ್ಟೆ ಎತ್ತಿಕೊಂಡು ಅವಳು ಮೆಟ್ಟಿಲಿಳಿದಳು.

ಟ್ರೆವಿನ್ ಟೋಪಿ ತೆಗೆಯಲು ಹೋದ. ಗದ್ದದ ಕೆಳಗಿನ ಪಟ್ಟಿ ಬಿಚ್ಚಲು ಬೆರಳುಗಳಿಗೆ ಆಗಲಿಲ್ಲ. ಬೆನ್ನ ಹಿಂದೆ ಇಡೀ ಗ್ಯಾಲರಿ ಕಾಲು ಬಡಿಯುತ್ತ ಅವನಿಂದ ಮುಂದಿನ ಹೆಸರು ಕೇಳುತ್ತಿತ್ತು.