ಎರ್ರಬಾವಿಪಲ್ಲಿಯ ಒಂದು ಸಾಲು

ಸಾಲು ಮತ್ತೆ ಮಾಯವಾಗಿತ್ತು.

ಚಿಂತಾಮಣಿ ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನಲ್ಲಿ ಕೂತಿದ್ದ ತನುಜ ಪರದೆಯ ಹತ್ತಿರಕ್ಕೆ ಬಾಗಿದಳು. ‘ಶಾಲೆಯ ಬಾವಿಗೆ ಹಾಕಿದ್ದ ಬೀಗವನ್ನು 1979ರಲ್ಲಿ ದಲಿತ ಕೇರಿಯ ಪೆದ್ದಮ್ಮ ಒಡೆದರು, ಅಂದಿನಿಂದ ಕೇರಿಯವರು ಅಲ್ಲಿ ನೀರು ಸೇದತೊಡಗಿದರು’ ಎಂದು ಅವಳು ಬರೆದಿದ್ದಳು. ಈಗ ಆ ಜಾಗದಲ್ಲಿ ಬೇರೆಯೇ ವಾಕ್ಯವಿತ್ತು: ‘ಹೆಡ್‌ಮಾಸ್ತರ್ ಪುಟ್ಟಸ್ವಾಮಯ್ಯನವರು ಉದಾರ ಮನಸ್ಸಿನಿಂದ ಶಾಲೆಯ ಬಾವಿಯನ್ನು ಎಲ್ಲರಿಗೂ ತೆರೆದುಕೊಟ್ಟರು.’

ತಿದ್ದಿದವನು ತನ್ನನ್ನು ‘ಊರಹಿತೈಷಿ’ ಎಂದು ಕರೆದುಕೊಂಡಿದ್ದ.

ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ತನುಜ ಶಿಡ್ಲಘಟ್ಟ ತಾಲ್ಲೂಕಿನ ಊರುಗಳ ಬಗ್ಗೆ ಒಂದೊಂದೇ ಪುಟ ಬರೆಯುತ್ತಿದ್ದಳು. ಸಾದಲಿಯ ರೇಷ್ಮೆಯ ಬಗ್ಗೆ ಬರೆದಾಗ ಯಾರೂ ಕೆಮ್ಮಿರಲಿಲ್ಲ. ತನ್ನ ಊರು ಎರ್ರಬಾವಿಪಲ್ಲಿಯನ್ನು ಮಾತ್ರ ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಳು. ಈಗ ಆ ಪುಟವೇ ಕುಸ್ತಿಯ ಅಖಾಡವಾಗಿತ್ತು.

ಅವಳು ತನ್ನ ಸಾಲನ್ನು ವಾಪಸು ಹಾಕಿದಳು. ಊರಹಿತೈಷಿ ಕಿತ್ತ. ಮತ್ತೆ ಹಾಕಿದಳು. ಚರ್ಚೆಯ ಪುಟದಲ್ಲಿ ಅವನು ಬರೆದ: ‘ಬಾವಿ ಬಿಟ್ಟುಕೊಟ್ಟವರನ್ನೇ ಬೈಯುತ್ತೀರಲ್ಲ. ನಿಮ್ಮ ಜನಕ್ಕೆ ಎಷ್ಟು ಕೊಟ್ಟರೂ ಉಪಕಾರ ಸ್ಮರಣೆ ಇಲ್ಲ.’

ತನುಜಳ ಕಿವಿ ಬಿಸಿಯಾಯಿತು. ಒಂದೇ ಮಾತಿನಲ್ಲಿ ಅವನ ಬಾಯಿ ಮುಚ್ಚಿಸಬಹುದಿತ್ತು. ಮುಚ್ಚಿಸಲಿಲ್ಲ. ‘ಯಾರೂ ಕೊಡಲಿಲ್ಲ. ತೆಗೆದುಕೊಂಡರು’ ಎಂದಷ್ಟೇ ಬರೆದು ಎದ್ದಳು.

ಮನೆಯಲ್ಲಿ ಅಪ್ಪ ರೇಡಿಯೊದ ಮುಂದೆ ಕೂತಿದ್ದರು. ಊರು ಬಿಟ್ಟು ಚಿಂತಾಮಣಿಗೆ ಬಂದು ಎಷ್ಟೋ ವರ್ಷವಾಗಿತ್ತು. ಆದರೂ ಊರಿನ ಹೆಸರೆತ್ತಿದರೆ ರೇಡಿಯೊ ಸದ್ದು ತಗ್ಗಿಸುತ್ತಿದ್ದರು.

“ಬಾವಿ ವಿಷ್ಯ ಬರೀತಿದ್ದೀನಿ ಅಪ್ಪ. ಆವತ್ತು ನೀವೂ ಅಲ್ಲೇ ಇದ್ರಲ್ಲ?”

“ಇದ್ದೆ.” ಅವರು ರೇಡಿಯೊ ಸದ್ದು ತಗ್ಗಿಸಿದರು. “ಕಲ್ಲಲ್ಲಿ ಬೀಗ ಜಜ್ಜಿದ ಸದ್ದು ಇನ್ನೂ ಕಿವೀಲಿದೆ. ಬಿಡಮ್ಮ, ಹಳೇದು. ಈಗ ಎಲ್ಲಾರೂ ಚೆನ್ನಾಗಿದ್ದೀವಲ್ಲ.”

“ಚೆನ್ನಾಗಿದ್ದೀವಿ ಅಂತ ಸುಳ್ಳು ಬರೀಬೇಕಾ?”

“ನೀನು ಬರೆದ್ರೆ ಊರಿಗೆ ಹೋದಾಗ ತಲೆ ಎತ್ತಿ ಓಡಾಡೋಕಾಗತ್ತಾ ನಂಗೆ?”

“ಇನ್ನೂ ಎಷ್ಟು ಕಾಲ ಹೆದರ್ತೀರಪ್ಪ?”

ಅವರು ರೇಡಿಯೊ ಸದ್ದು ಜೋರು ಮಾಡಿದರು.

ಭಾನುವಾರ ಅವಳು ಎರ್ರಬಾವಿಪಲ್ಲಿಗೆ ಹೋದಳು. ಕೇರಿಯ ಜಗಲಿಯಲ್ಲಿ ಪೆದ್ದಮ್ಮ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದರು. ತಲೆಗೂದಲು ಪೂರ್ತಿ ಬೆಳ್ಳಗಾಗಿದ್ದರೂ ಕಣ್ಣು ಚುರುಕಾಗಿತ್ತು. ತನುಜ ಹೆಸರು ಹೇಳುವ ಮೊದಲೇ ಕೈ ಬೀಸಿದರು.

“ಹೇಳ್ಬೇಡ. ಯಾರ ಮಗಳು ಅಂತ ಮುಖದಲ್ಲೇ ಬರೆದೈತೆ. ದಾ ತಲ್ಲೀ, ಬಾ ಕೂತ್ಕೋ.”

ಚೊಂಬಿನಲ್ಲಿ ನೀರು ಬಂತು. ತನುಜ ಎತ್ತಿ ಗಟಗಟ ಕುಡಿದಳು. ಪೆದ್ದಮ್ಮ ಅವಳು ಕುಡಿದು ಮುಗಿಸುವವರೆಗೂ ನೋಡುತ್ತಲೇ ಇದ್ದರು. ತನುಜ ಬಂದ ಕಾರಣ ಹೇಳಿದಳು.

“ಕಂಪ್ಯೂಟರಲ್ಲಿ ಅವ್ರು ಕೊಟ್ರು ಅಂತ ಬರೆದವ್ರಾ?” ಪೆದ್ದಮ್ಮ ಸೊಪ್ಪನ್ನು ಪಕ್ಕಕ್ಕೆ ತಳ್ಳಿದರು. “ನನ್ ಕೂಸು ಜ್ವರದಲ್ಲಿ ನೀರು ನೀರು ಅಂತಿತ್ತು. ಕೈ ಮುಗಿದೆ. ಮೇಷ್ಟ್ರು ಬೀಗದ ಕೈ ಸೊಂಟಕ್ಕೆ ಸಿಗಿಸ್ಕೊಂಡು ಒಳಗೆ ಹೋದ್ರು. ಆಮೇಲೆ ಕಲ್ಲು ತಗೊಂಡೆ. ಮಗ ಬದುಕಿದ. ಇವತ್ತು ಅವನ ಮಕ್ಕಳು ಅದೇ ಶಾಲೇಲಿ ಓದ್ತಾವ್ರೆ. ಇದ್ರಲ್ಲಿ ಯಾರು ಯಾರಿಗೆ ಕೊಟ್ಟಿದ್ದು?”

“ಹೆಸರು ಹಾಕ್ಲಾ?”

“ಹಾಕು. ನಂದೂ ಹಾಕು, ಮೇಷ್ಟ್ರದೂ ಹಾಕು. ಹಾಕೋಕೆ ಧೈರ್ಯ ಐತಾ ನಿಂಗೆ?”

ತನುಜ ತಲೆಯಾಡಿಸಿದಳು.

ಆದರೆ ವಿಕಿಯಲ್ಲಿ ಬಾಯಿಮಾತು ನಡೆಯುವುದಿಲ್ಲ. ಅಚ್ಚಾದ ಆಧಾರ ಬೇಕೆಂದು ನಿರ್ವಾಹಕ ಕೇಶವ್ ಪುಟಕ್ಕೆ ತಡೆ ಹಾಕಿದ. ಅವನೂ ಅವಳ ಹಾಗೆ ಸಂಬಳವಿಲ್ಲದ ಸ್ವಯಂಸೇವಕ. ಜಗಳ ಬಿಡಿಸುವುದು ಅವನ ಪಾಲಿನ ಕೆಲಸ. ತನುಜ ಗ್ರಂಥಾಲಯದಲ್ಲಿ ಧೂಳು ಕುಡಿದು ಹಳೆಯ ಪತ್ರಿಕೆಯೊಂದರ ವರದಿ ಹುಡುಕಿದಳು. ಹೆಡ್‌ಮಾಸ್ತರು ಹಾಕಿಸಿದ ಬೀಗ, ಒಡೆದ ಹೆಂಗಸು, ಎರಡೂ ಅದರಲ್ಲಿದ್ದವು. ದಿನಾಂಕ, ಪುಟಸಂಖ್ಯೆ ಸಮೇತ ಚರ್ಚೆಯ ಪುಟಕ್ಕೆ ಹಾಕಿದಳು.

ಊರಹಿತೈಷಿ ಈಗ ದಾರಿ ಬದಲಿಸಿದ. ‘ಈಕೆ ಪೆದ್ದಮ್ಮನ ಕಡೆಯವಳು. ಹಳೆಯ ದ್ವೇಷ ತೀರಿಸಿಕೊಳ್ಳಲು ಗೌರವಸ್ಥ ಗುರುಗಳ ಹೆಸರಿಗೆ ಮಸಿ ಬಳಿಯುತ್ತಿದ್ದಾಳೆ. ಇವಳನ್ನು ನಿರ್ಬಂಧಿಸಿ.’

ಕೇಶವ್ ಸೌಜನ್ಯದಿಂದಲೇ ಕೇಳಿದ: ‘ತನುಜ ಅವರೇ, ಆಧಾರ ಸರಿಯಾಗಿದೆ. ಆದರೆ ಈ ಘಟನೆಯಲ್ಲಿರುವವರ ಜೊತೆ ನಿಮಗೆ ರಕ್ತಸಂಬಂಧವಿದ್ದರೆ ಬಹಿರಂಗವಾಗಿ ಹೇಳಿಬಿಡಿ. ಅದು ನಿಯಮ.’

ಮರುದಿನ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಅಪ್ಪ ಬಾಗಿಲಿಗೆ ಬಂದರು.

“ಹೆಸರು ಹಾಕ್ತೀಯಾ?”

“ಹಾಕ್ತೀನಿ.”

“ನಾನು ಬೇಡ ಅಂದ್ರೂ?”

“ಅಂದ್ರೂ.”

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಸೈಬರ್ ಸೆಂಟರಿನಲ್ಲಿ ತನುಜ ಎರಡು ಬಾರಿ ಟೈಪ್ ಮಾಡಿ ಅಳಿಸಿದಳು. ಮೂರನೆಯ ಬಾರಿ ಅಳಿಸಲಿಲ್ಲ. ‘ಹೌದು, ರಕ್ತಸಂಬಂಧವಿದೆ’ ಎಂದು ಬರೆದಳು. ಆಮೇಲೆ ಉಳಿದದ್ದನ್ನು ಒಂದೇ ಉಸಿರಿಗೆ ಮುಗಿಸಿ ‘ಉಳಿಸು’ ಗುಂಡಿ ಒತ್ತಿದಳು.

‘ಪೆದ್ದಮ್ಮನ ಜೊತೆಗಲ್ಲ. ಬೀಗ ಹಾಕಿದ ಪುಟ್ಟಸ್ವಾಮಯ್ಯನವರ ಮಗಳು ನಾನು.’